ಪ್ರಮಾಣಪತ್ರವೂ ಪಶ್ಚಾತ್ತಾಪವೂ: ಸಭೆಯನ್ನು ಬಿಟ್ಟವರ ಕುರಿತ ಮೂರು ಬೋಧನೆಗಳ ವಿಮರ್ಶೆ

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳಲ್ಲಿ ಸೇವೆ ಮಾಡುವ ಸಭಾಪಾಲಕರ ಮುಂದೆ ಪದೇಪದೇ ಬರುವ ಪ್ರಶ್ನೆಯೊಂದಿದೆ. ಕ್ರೈಸ್ತ ಮನೆಯಲ್ಲಿ ಹುಟ್ಟಿ, ಶೈಶವದಲ್ಲಿಯೇ ದೀಕ್ಷಾಸ್ನಾನ ಹೊಂದಿ, ಭಾನುವಾರದ ಶಾಲೆಯಲ್ಲಿ ಬೆಳೆದವರು ಪ್ರಾಯಕ್ಕೆ ಬಂದ ಮೇಲೆ ಸಭೆಯನ್ನು ಬಿಟ್ಟರೆ ಅವರ ವಿಶ್ವಾಸದ ಕುರಿತು ಏನು ಹೇಳಬೇಕು? ಅವರು ಮರಳಿ ಬಂದರೆ ಯಾವ ವಿಧವಾದ ಪಶ್ಚಾತ್ತಾಪವನ್ನು ಅವರಿಂದ ನಿರೀಕ್ಷಿಸಬೇಕು? ನಮ್ಮ ಪ್ರಸಂಗಪೀಠಗಳಿಂದ ಇದಕ್ಕೆ ಮೂರು ಬಗೆಯ ಉತ್ತರಗಳು ಕೇಳಿಬರುತ್ತವೆ. ಮೂರಕ್ಕೂ ಸತ್ಯವೇದದ ಆಧಾರವುಂಟು, ಸಭಾಚರಿತ್ರೆಯಲ್ಲಿ ಸ್ಥಾನವುಂಟು. ಆದರೂ ಈ ನೆಲದಲ್ಲಿ ಮೂರೂ ಒಂದೇ ಕಡೆ ಎಡವುತ್ತವೆ ಎಂಬುದು ನಮ್ಮ ವಾದ.

ಮೊದಲನೆಯ ಬೋಧನೆಯ ಪ್ರಕಾರ, ಬಿಟ್ಟುಹೋದವರು ಎಂದೂ ನಿಜವಾದ ವಿಶ್ವಾಸಿಗಳಾಗಿರಲಿಲ್ಲ. ಯೋಹಾನನ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯವು ಇದಕ್ಕೆ ಆಧಾರ. ದೇವರು ಆರಿಸಿಕೊಂಡವರು ಕಡೆಯವರೆಗೂ ಕಾಯಲ್ಪಡುವರೆಂದು 1618-19ರ ಡಾರ್ಟ್ ಸಮ್ಮೇಳನವು ಸ್ಥಿರಪಡಿಸಿದ ಸಿದ್ಧಾಂತವು ಇದರ ಬೆನ್ನೆಲುಬು. ಎರಡನೆಯದು, ನಿಜವಾದ ವಿಶ್ವಾಸಿಯೂ ಬೀಳಬಹುದು, ಬಿದ್ದವನಿಗೆ ಮಾತ್ರ ಮತ್ತೆ ಮಾನಸಾಂತರವಿಲ್ಲ ಎನ್ನುತ್ತದೆ; ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯವನ್ನು ಮುಂದಿಡುತ್ತದೆ. ಮೂರನೆಯದು, ದೀಕ್ಷಾಸ್ನಾನದ ಗುರುತು ಅಳಿಯದು, ಲೂಕನ 15ನೆಯ ಅಧ್ಯಾಯದ ತಂದೆಯಂತೆ ಕಾದಿದ್ದರೆ ಸಾಕು ಎಂದು ಸಮಾಧಾನ ಹೇಳುತ್ತದೆ.

ಇವುಗಳ ಆಂತರಿಕ ದೋಷಗಳನ್ನು ಗುರುತಿಸುವುದು ಕಷ್ಟವಲ್ಲ. ಮೊದಲನೆಯದನ್ನು ಕಟ್ಟುನಿಟ್ಟಾಗಿ ಅನ್ವಯಿಸಿದರೆ ಇಂದು ಪೀಠದ ಮುಂದೆ ಮೊಣಕಾಲೂರಿರುವವನ ವಿಶ್ವಾಸವೂ ಅವನು ಸಾಯುವ ತನಕ ಸಂದೇಹಾಸ್ಪದವಾಗಿಯೇ ಉಳಿಯುತ್ತದೆ. ಎರಡನೆಯದು, ಒಳಗಿದ್ದು ತತ್ತರಿಸುತ್ತಿದ್ದವರಿಗೆ ಕೊಟ್ಟ ಎಚ್ಚರಿಕೆಯನ್ನು ಹೊರಗೆ ಹೋದವರ ಮೇಲಿನ ತೀರ್ಪನ್ನಾಗಿ ಮಾರ್ಪಡಿಸುತ್ತದೆ. ಮೂರನೆಯದು ಕನಿಕರವುಳ್ಳದ್ದಾದರೂ ಅಧ್ಯಾಯವನ್ನು ಅರ್ಧದಿಂದ ಓದುತ್ತದೆ: ಕಾಯುವ ತಂದೆಗಿಂತ ಮೊದಲು ಅಲ್ಲಿ ಹುಡುಕಿಕೊಂಡು ಹೊರಡುವ ಕುರುಬನಿದ್ದಾನೆ, ದೀಪ ಹಚ್ಚಿ ಮನೆ ಗುಡಿಸುವ ಹೆಂಗಸಿದ್ದಾಳೆ.

ಈ ದೋಷಗಳಿಗಿಂತ ಗುರುತರವಾದದ್ದು ಇನ್ನೊಂದಿದೆ. ಕ್ರಿಸ್ತನನ್ನು ಬಹಿರಂಗವಾಗಿ ಅರಿಕೆ ಮಾಡುವುದಕ್ಕೆ ಎಲ್ಲರೂ ಒಂದೇ ಬೆಲೆ ತೆರುತ್ತಾರೆಂದು ಮೂರೂ ಬೋಧನೆಗಳು ಭಾವಿಸಿಕೊಂಡಿವೆ. ನಮ್ಮ ಜಿಲ್ಲೆಯಲ್ಲಿ ಅದು ನಿಜವಲ್ಲ. ಲಿಂಗಸುಗೂರು ವಿಧಾನಸಭಾ ಕ್ಷೇತ್ರವು ಪರಿಶಿಷ್ಟ ಜಾತಿಗೂ ನೆರೆಯ ಮಸ್ಕಿಯು ಪರಿಶಿಷ್ಟ ಪಂಗಡಕ್ಕೂ ಮೀಸಲಾಗಿವೆ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೆಯ ಕಂಡಿಕೆಯು ಹಿಂದೂಗಳಲ್ಲದವರನ್ನು ಆ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು; ಕ್ರೈಸ್ತರಿಗೆ ಇಂದಿಗೂ ತೆರೆದಿಲ್ಲ. ಪರಿಶಿಷ್ಟ ಪಂಗಡಗಳ ಆದೇಶದಲ್ಲಿಯಾದರೋ ಧರ್ಮದ ಷರತ್ತೇ ಇಲ್ಲ. ಆದುದರಿಂದ ನಾಯಕ ಸಮುದಾಯದವನು ದೀಕ್ಷಾಸ್ನಾನ ಹೊಂದಿದರೆ ಆ ಒಂದೇ ಕಾರಣಕ್ಕೆ ಅವನ ಪ್ರಮಾಣಪತ್ರ ಹೋಗುವುದಿಲ್ಲ. ಅದೇ ದಿನ, ಅದೇ ನೀರಿನಲ್ಲಿ ದೀಕ್ಷಾಸ್ನಾನ ಹೊಂದಿದ ಮಾದಿಗ ಸಮುದಾಯದವನು ಅದನ್ನು ಕಳೆದುಕೊಳ್ಳುತ್ತಾನೆ. ಪ್ರಮಾಣಪತ್ರದೊಡನೆ ಹೋಗುವುದು ಕಾಲೇಜಿನ ಸೀಟು, ಸರಕಾರಿ ನೌಕರಿ ಮಾತ್ರವಲ್ಲ. ಕ್ರೈಸ್ತನಾದವನು ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆಯನ್ನೂ ಕೇಳುವಂತಿಲ್ಲವೆಂದು ನೆರೆಯ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯವು 2025ರಲ್ಲಿ ಹೇಳಿತು. ಹೀಗಾಗಿ ಕೆಲವು ಮನೆಗಳಲ್ಲಿ ಒಬ್ಬರಿಗೆ ಎರಡು ಹೆಸರು: ಸಭೆಯ ದಾಖಲೆ ಪುಸ್ತಕದಲ್ಲಿ ಒಂದು, ಶಾಲೆಯ ದಾಖಲಾತಿಯಲ್ಲಿ ಇನ್ನೊಂದು. ಇದು ಯಾವ ಸಭಾಪಾಲಕನಿಗೂ ಗುಟ್ಟಲ್ಲ.

ಪ್ರಮಾಣಪತ್ರದ ನಿಮಿತ್ತ ವಿಶ್ವಾಸವು ಪರೀಕ್ಷೆಗೆ ಒಳಗಾದದ್ದು ಇದೇ ಮೊದಲಲ್ಲ. ಕ್ರಿ.ಶ. 250ರಲ್ಲಿ ಡೆಸಿಯಸ್ ಚಕ್ರವರ್ತಿಯ ಆಜ್ಞೆಯ ಮೇರೆಗೆ ಪ್ರಜೆಗಳು ದೇವತೆಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಪತ್ರ ಪಡೆಯಬೇಕಾಯಿತು. ಕೆಲವು ಕ್ರೈಸ್ತರು ಬಲಿ ಅರ್ಪಿಸಿದರು. ಇನ್ನು ಕೆಲವರು ಬಲಿ ಅರ್ಪಿಸದೆ ಲಂಚ ಕೊಟ್ಟು ಪತ್ರವನ್ನು ಮಾತ್ರ ಪಡೆದರು. ಹಿಂಸೆ ತಗ್ಗಿದ ಮೇಲೆ ಇವರನ್ನು ಏನು ಮಾಡಬೇಕೆಂಬ ವಿವಾದವೆದ್ದಿತು. ರೋಮಿನಲ್ಲಿ ನೊವಾಟಿಯನ್ ಯಾರನ್ನೂ ಮರಳಿ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಕಾರ್ಥೇಜಿನಲ್ಲಿ ಕೆಲವರು ಯಾವ ವಿಚಾರಣೆಯೂ ಇಲ್ಲದೆ ಎಲ್ಲರನ್ನೂ ಕರ್ತನ ಮೇಜಿಗೆ ಕರೆದರು. 251ರಲ್ಲಿ ಕೂಡಿದ ಕಾರ್ಥೇಜಿನ ಸಮ್ಮೇಳನವು ಸಿಪ್ರಿಯನ್ನನ ನೇತೃತ್ವದಲ್ಲಿ ಎರಡನ್ನೂ ಬಿಟ್ಟು, ಒಬ್ಬೊಬ್ಬರ ಸಂಗತಿಯನ್ನು ಬೇರೆಬೇರೆಯಾಗಿ ವಿಚಾರಿಸಬೇಕೆಂದು ನಿರ್ಣಯಿಸಿತು. ತಾನಾಗಿ ಓಡಿಹೋಗಿ ಬಲಿ ಅರ್ಪಿಸಿದವನನ್ನೂ, ತಾನೊಬ್ಬನೇ ಮುಂದೆ ಹೋಗಿ ಹೆಂಡತಿ ಮಕ್ಕಳನ್ನೂ ಮನೆಯವರನ್ನೂ ಅಪಾಯದಿಂದ ತಪ್ಪಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂದು ಸಿಪ್ರಿಯನ್ ವಾದಿಸಿದನು. ಹಿಂಸೆಯ ದಿನಗಳಲ್ಲಿ ಅವನು ತಾನೇ ಊರು ಬಿಟ್ಟು ಮರೆಯಾಗಿದ್ದವನೆಂಬುದನ್ನೂ ಇಲ್ಲಿ ನೆನೆಯಬೇಕು. ಅವನ ವಿವೇಚನೆಯು ಬೆಲೆಯ ಅಂತರವನ್ನು ಬಲ್ಲವನ ವಿವೇಚನೆ.

ಹೋಲಿಕೆಗೆ ಮಿತಿಯುಂಟು. ಡೆಸಿಯಸನ ಪತ್ರವು ಆಗದ ಬಲಿಯನ್ನು ಆಯಿತೆಂದು ಹೇಳುತ್ತಿತ್ತು. ನಮ್ಮ ಜಾತಿ ಪ್ರಮಾಣಪತ್ರವು ಜಾತಿಯ ಮಟ್ಟಿಗೆ ಸುಳ್ಳು ಹೇಳುವುದಿಲ್ಲ. ಊರಿನ ಬಾವಿಯಾಗಲಿ ಚಹದ ಅಂಗಡಿಯಾಗಲಿ ದೀಕ್ಷಾಸ್ನಾನವನ್ನು ವಿಚಾರಿಸಿ ಯಾರನ್ನೂ ಬಿಟ್ಟುಕೊಂಡಿಲ್ಲ. ಸುಳ್ಳು ಹೇಳಬೇಕಾಗಿ ಬರುವುದು ಧರ್ಮದ ಅಂಕಣದಲ್ಲಿ. ಆ ಸುಳ್ಳು ಚಿಕ್ಕದೆಂದು ನಾವು ಹೇಳುವುದಿಲ್ಲ. ಆದರೆ ಮದುವೆಯ ಮಾತುಕತೆಯಲ್ಲಿಯೂ ಸಭಾಸಮಿತಿಯ ಚುನಾವಣೆಯಲ್ಲಿಯೂ ಜಾತಿಯನ್ನು ವಿಚಾರಿಸುವ ಸಭೆಯು, ತಹಸೀಲ್ದಾರರ ಕಚೇರಿಯಲ್ಲಿ ಜಾತಿ ಬರೆಯಿಸಿದವನನ್ನು ಮಾತ್ರ ಹಿಂಜಾರಿದವನೆಂದು ಕರೆಯುವುದು ನ್ಯಾಯವಲ್ಲ.

ಸಭೆಯು ವಿಚಾರಿಸದ್ದನ್ನು ಈಗ ನ್ಯಾಯಾಲಯವು ವಿಚಾರಿಸುತ್ತಿದೆ. ಅಜ್ಜನ ಕಾಲದಲ್ಲಿ ಕ್ರೈಸ್ತರಾದ ಮನೆತನದಲ್ಲಿ ಹುಟ್ಟಿ ಹಿಂದೂ ಧರ್ಮಕ್ಕೆ ಹೋದ ಕೇರಳದ ಒಬ್ಬರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಮೂರು ಸಂಗತಿಗಳಿಗೆ ರುಜುವಾತು ಕೇಳಿತು: ಮೂಲ ಜಾತಿ, ಮೂಲ ಧರ್ಮಕ್ಕೆ ಮರಳಿದ್ದು, ಆ ಸಮುದಾಯವು ಅಂಗೀಕರಿಸಿದ್ದು. 2024ರ ನವೆಂಬರ್ 26ರಂದು, ಶೈಶವದಲ್ಲಿ ದೀಕ್ಷಾಸ್ನಾನ ಹೊಂದಿದ್ದ ಪುದುಚೇರಿಯ ಒಬ್ಬ ಮಹಿಳೆಯ ಮನವಿಯನ್ನು ಅದೇ ನ್ಯಾಯಾಲಯವು ತಳ್ಳಿಹಾಕಿ, ನಿಜವಾದ ನಂಬಿಕೆಯಿಲ್ಲದೆ ಮೀಸಲಾತಿಗಾಗಿ ಮಾತ್ರ ಮಾಡುವ ಮತಾಂತರವು ಸಂವಿಧಾನಕ್ಕೆ ಮಾಡುವ ವಂಚನೆಯೆಂದಿತು. ಇದು ವಿಚಿತ್ರವಾದ ಸನ್ನಿವೇಶ. ಕ್ರಿಸ್ತನನ್ನು ಬಿಟ್ಟದ್ದು ಮನಃಪೂರ್ವಕವೋ ಅಲ್ಲವೋ ಎಂದು ರಾಜ್ಯವು ಅಳೆಯುತ್ತದೆ. ಹಿಡಿದದ್ದು ಮನಃಪೂರ್ವಕವೋ ಅಲ್ಲವೋ ಎಂದು ಸಭೆಯು ಅಳೆಯುತ್ತದೆ. ನಡುವೆ ನಿಂತವನಿಗೆ ಎರಡೂ ಕಡೆ ಪರೀಕ್ಷಕರೇ ಹೊರತು ಸಂಗಡಿಗರಿಲ್ಲ. ಮುದಗಲ್ಲಿನಂಥ ಊರಲ್ಲಿ ಈ ಅಳತೆಯು ಇನ್ನೂ ಅಸಂಗತ. ಅಲ್ಲಿನ ಕಥೋಲಿಕ ಸಮುದಾಯದ ಬೇರು ಆದಿಲ್ ಶಾಹಿಗಳ ಕಾಲಕ್ಕೆ ಇಳಿಯುತ್ತದೆ. ಅಷ್ಟು ತಲೆಮಾರುಗಳ ಮೇಲೆ ಒಬ್ಬನ ಮೂಲ ಧರ್ಮ ಯಾವುದು?

ಹೀಗೆಂದು ಎಲ್ಲ ನಿರ್ಗಮನಗಳನ್ನೂ ಪ್ರಮಾಣಪತ್ರದ ತಲೆಗೆ ಕಟ್ಟುವುದು ಸಲ್ಲದು. ಓದಿ, ಯೋಚಿಸಿ, ಪ್ರಾರ್ಥಿಸಲಾರದೆ, ತಂದೆತಾಯಿಯರ ವಿಶ್ವಾಸವು ತನ್ನದಲ್ಲವೆಂದು ಕಂಡುಕೊಂಡು ಹೊರಟವರೂ ಇದ್ದಾರೆ. ಅವರಿಗೆ ಲಾಭದ ಹೇತುವನ್ನು ಆರೋಪಿಸುವುದು ಅಪಮಾನ. ಇವರ ವಿಷಯದಲ್ಲಿ ಜಾನ್ ವೆಸ್ಲಿಯ ನಿದರ್ಶನವು ಉಪಯುಕ್ತ. ಸಭಾಪಾಲಕನ ಮನೆಯಲ್ಲಿ ಬೆಳೆದು, ತಾನೂ ಅಭಿಷಿಕ್ತನಾಗಿದ್ದ ಆತನಿಗೆ 1738ರ ಮೇ 24ರಂದು ರಕ್ಷಣೆಯ ನಿಶ್ಚಯ ದೊರೆಯಿತು. ಅದಕ್ಕೆ ಮೊದಲು ತಾನು ಕ್ರೈಸ್ತನೇ ಆಗಿರಲಿಲ್ಲವೆಂದು ಆಗ ಬರೆದುಕೊಂಡ ಆತನು, ಮುಪ್ಪಿನಲ್ಲಿ ಆ ತೀರ್ಪನ್ನು ಸಡಿಲಿಸಿದನು. ಅಂದು ತನಗಿದ್ದದ್ದು ಮಗನ ವಿಶ್ವಾಸವಲ್ಲದಿದ್ದರೂ ಸೇವಕನ ವಿಶ್ವಾಸವಾಗಿತ್ತೆಂದು ತಿದ್ದಿದನು. ಸೇರುವುದಕ್ಕೂ ಉತ್ಸಾಹಗೊಳ್ಳುವುದಕ್ಕೂ ನಡುವೆ ಕಾಲವುಂಟೆಂಬುದು ನಮ್ಮ ನೆಲಕ್ಕೂ ಹೊಸತಲ್ಲ. 1915ರಲ್ಲಿ ಮಸ್ಕಿಯಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಅಶೋಕನು ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಗಳ ಮೇಲಾಯಿತೆಂದೂ, ಸಂಘವನ್ನು ಸಮೀಪಿಸಿ ಶ್ರಮಿಸತೊಡಗಿದ್ದು ಅದರ ತರುವಾಯವೆಂದೂ ಹೇಳಿಕೊಂಡಿದ್ದಾನೆ. ಇನ್ನೂ ಮಗನ ವಿಶ್ವಾಸಕ್ಕೆ ಬಾರದೆ ಹೊರಟವನನ್ನು ವಿಶ್ವಾಸದ್ರೋಹಿ ಎನ್ನುವುದು ಕಾಯಿಯನ್ನು ಕೊಳೆತದ್ದೆಂದು ಎಸೆದಂತೆ.

ಪಶ್ಚಾತ್ತಾಪವೆಂದರೆ ಆಮೇಲಿನ ಬೇಗೆ. ಮಾನಸಾಂತರವೆಂದರೆ ಮನಸ್ಸಿನ ಮಾರ್ಪಾಟು. ಸತ್ಯವೇದದ ನಮ್ಮ ಅನುವಾದಗಳಲ್ಲಿ ಇವೆರಡರ ಜೊತೆಗೆ, ದೇವರ ಕಡೆಗೆ ತಿರುಗಿಕೊಳ್ಳುವುದೆಂಬ ಮಾತೂ ಬಳಕೆಯಲ್ಲಿದೆ. ಪ್ರವಾದಿಗಳ ಇಬ್ರಿಯ ಮಾತಿಗೆ ಅದೇ ಹೆಚ್ಚು ಸಮೀಪ. ಬೇಗೆಯನ್ನೂ ಮನಸ್ಸನ್ನೂ ಒಬ್ಬನೇ ಅನುಭವಿಸಬಹುದು. ತಿರುಗುವವನಿಗೆ ದಾರಿ ಬೇಕು. ದಾರಿಯನ್ನು ತೆರೆದಿಡುವುದು ಸಭೆಯ ಕೆಲಸ. ಅದು ತನ್ನ ಕೆಲಸ ಮಾಡದೆ ಬಿಟ್ಟವನಿಂದ ಮಾತ್ರ ಕಣ್ಣೀರನ್ನು ಕೇಳಿದರೆ, ಪಶ್ಚಾತ್ತಾಪದ ಬೋಧನೆಯು ದಂಡ ವಸೂಲಿಯಾಗುತ್ತದೆ.

ಆದುದರಿಂದ ಸಭಾಪಾಲನೆಯಲ್ಲಿ ಮೂರು ಕ್ರಮಗಳು ಅಗತ್ಯವೆಂದು ನಾವು ಭಾವಿಸುತ್ತೇವೆ. ಒಂದು, ಕಾರ್ಥೇಜಿನ ಪಿತೃಗಳಂತೆ ಒಬ್ಬೊಬ್ಬರ ಸಂಗತಿಯನ್ನು, ಅವರ ಮನೆಗೇ ಹೋಗಿ ಕುಳಿತು ಕೇಳಬೇಕು. ಪೀಠದಿಂದ ಹೆಸರಿಲ್ಲದ ಟೀಕೆ ಸಲ್ಲದು. ಎರಡು, ಸ್ಥಿರೀಕರಣದ ತರಗತಿಯಲ್ಲಿ 3ನೆಯ ಕಂಡಿಕೆಯನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ಅರಿಕೆಯ ಬೆಲೆ ಯಾರಿಗೆ ಎಷ್ಟೆಂಬುದನ್ನು ಮೊದಲೇ ಹೇಳಬೇಕು. ಇನ್ನೂ ಸಿದ್ಧವಿಲ್ಲವೆನ್ನುವ ಮಗುವನ್ನು ಒತ್ತಾಯಿಸಬಾರದು. ಮೂರು, ಬೆಲೆ ತೆರದ ಸಮುದಾಯಗಳಿಂದ ಬಂದ ವಿಶ್ವಾಸಿಗಳು ಬೆಲೆ ತೆರುವವರ ಮಕ್ಕಳ ಓದಿನ ಹೊರೆಯನ್ನು ಹಂಚಿಕೊಳ್ಳಬೇಕು. ಮೂರನೆಯದು ಅತಿ ಕಷ್ಟದ್ದು, ಏಕೆಂದರೆ ಅದಕ್ಕೆ ಹಣ ಬೇಕು. ಜಕ್ಕಾಯನು ತಿರುಗಿಕೊಂಡದ್ದು ಸಹ ಆಸ್ತಿಯ ಲೆಕ್ಕದಲ್ಲಿಯೇ ಕಂಡುಬಂದಿತು.