ಕಾದ ವಾಲ್ವಿನ ದನಿ

ದೇವಾಪುರದ ಕಡೆ ತತ್ವಪದದ ಏಕತಾರಿ ಕೇಳುತ್ತ ಬೆಳೆದ ಕಿವಿಗೆ ಬ್ಲೂಸ್ ಗಿಟಾರು ಪರಕೀಯ ಅನಿಸುವುದಿಲ್ಲ. ನನಗಂತೂ 1966ರಲ್ಲಿ ಜಾನ್ ಮೇಯಲ್ ತಂಡದ ಆಲ್ಬಮ್‌ನಲ್ಲಿ ಎರಿಕ್ ಕ್ಲಾಪ್ಟನ್ ಹೊರಡಿಸಿದ ದನಿಯೇ ಎಲ್ಲಕ್ಕಿಂತ ಮೇಲು. ಲೆಸ್ ಪಾಲ್ ಗಿಟಾರು, ಮಾರ್ಷಲ್ ಆಂಪ್, ವಾಲ್ಯೂಮ್ ಜೋರು. ಆಂಪಿನೊಳಗಿನ ವಾಲ್ವುಗಳು ಮಿತಿ ಮುಟ್ಟಿದಾಗ ಅಲೆಯ ತುದಿ ಮೆಲ್ಲಗೆ ಚಪ್ಪಟೆಯಾಗಿ, ಮೂಲ ಸ್ವರದ ಜೊತೆ ಹೊಸ ಉಪಸ್ವರಗಳು ಏಳುತ್ತವೆ. ತಂಬೂರಿಯ ಕುದುರೆಯ ಮೇಲೆ ದಾರ ಸರಿಸಿದಾಗ ಝೇಂಕಾರ ಬಿಚ್ಚಿಕೊಳ್ಳುವ ಹಾಗೆ.

ಮನೆಯಲ್ಲಿ ಅಷ್ಟು ಜೋರು ಮಾಡಲಾಗದು. ಅದಕ್ಕೇ ಪೆಡಲ್. ಟ್ಯೂಬ್ ಸ್ಕ್ರೀಮರ್ ಎಂಬ ಪೆಡಲ್‌ನಲ್ಲಿ ಡ್ರೈವ್ (ಗೊಗ್ಗರಿನ ಗುಂಡಿ) ಕಡಿಮೆ, ಲೆವೆಲ್ (ಹೊರಬರುವ ದನಿಯ ಗುಂಡಿ) ಹೆಚ್ಚು ಇಟ್ಟರೆ ಆಂಪಿನ ಮೊದಲ ವಾಲ್ವಿಗೇ ಒತ್ತಡ ಬೀಳುತ್ತದೆ. ಮಂದ್ರ ತುಸು ತಗ್ಗಿ ನಡುವಿನ ಸ್ವರಗಳು ಮುಂದೆ ಬರುತ್ತವೆ. (ಕ್ಲಾಪ್ಟನ್ ಕಾಲಕ್ಕೆ ಈ ಪೆಡಲ್ ಇರಲಿಲ್ಲ, ಅದು 1970ರ ದಶಕದ ಕೊನೆಯದು. ಬ್ಲೂಸಿನಲ್ಲಿ ಅದಕ್ಕೆ ಹೆಸರು ತಂದವನು ಸ್ಟೀವಿ ರೇ ವಾನ್.) ಡ್ರೈವ್ ಏರಿಸುತ್ತಲೇ ಹೋಗುವವರಿದ್ದಾರೆ; ಅದರಿಂದ ಬೆರಳಿನ ಮಾತು ಮುಚ್ಚಿಹೋಗುತ್ತದೆ. ಗಿಟಾರಿನ ವಾಲ್ಯೂಮ್ ಏಳಕ್ಕೆ ಇಳಿಸಿ ಮೆಲ್ಲಗೆ ಮೀಟಿ ನೋಡಿ, ದನಿ ತಿಳಿಯಾಗಿರುತ್ತದೆ. ಅದೇ ತಂತಿಯನ್ನು ಬಿರುಸಾಗಿ ಮೀಟಿ ಪಕ್ಕಕ್ಕೆ ಎಳೆದರೆ, ಸ್ವರ ಏರುತ್ತಲೇ ಗೊಗ್ಗರಾಗುತ್ತದೆ. ಮತ್ತೆ ಯಾವ ಗುಂಡಿಯನ್ನೂ ಮುಟ್ಟುವ ಅಗತ್ಯವಿಲ್ಲ.