ಉಳಿದವರ ದನಿ: ಮುಳಬಾಗಿಲು ಸೀಮೆಯ ಬರಹದಲ್ಲಿ ಸಾವು

ಮುಳಬಾಗಿಲಿನ ಹೊರವಲಯದ ನರಸಿಂಹತೀರ್ಥದಲ್ಲಿರುವ ಶ್ರೀಪಾದರಾಜರ ವೃಂದಾವನವನ್ನು ಬರಿಯ ಸಮಾಧಿಯೆಂದು ನೋಡಿದರೆ, ಆ ಪರಂಪರೆಯ ಸಾಹಿತ್ಯಕ್ಕೂ ಸಾವಿಗೂ ಇರುವ ನಂಟು ಪೂರ್ತಿ ತಿಳಿಯುವುದಿಲ್ಲ. ಮಾಧ್ವ ಯತಿಗಳ ದೇಹವನ್ನು ದಹಿಸದೆ ಭೂಮಿಯಲ್ಲಿರಿಸಿ, ಮೇಲೆ ಕಲ್ಲಿನ ಕಟ್ಟಡವೆತ್ತಿ, ಅದರ ನೆತ್ತಿಯಲ್ಲಿ ತುಳಸಿಗೆ ಎಡೆಮಾಡಿದ ರಚನೆಗೆ ವೃಂದಾವನವೆಂದು ಹೆಸರು. ಅಗ್ನಿಕಾರ್ಯವನ್ನು ಬಿಟ್ಟವರ ದೇಹಕ್ಕೆ ಅಗ್ನಿಸಂಸ್ಕಾರವಿಲ್ಲ. ಸಂನ್ಯಾಸ ಸ್ವೀಕಾರದ ವಿಧಿಯಲ್ಲಿ ಆತ್ಮಶ್ರಾದ್ಧವೆಂಬುದೊಂದಿದೆ. ಬದುಕಿರುವಾಗಲೇ ತನಗೆ ತಾನೇ ಪಿಂಡವಿಟ್ಟುಕೊಂಡು, ಸಂಸಾರದ ಪಾಲಿಗೆ ಅಂದೇ ತೀರಿಹೋಗುವ ಕ್ರಿಯೆ ಅದು. ಸಾವನ್ನು ಕುರಿತು ಯತಿಯೊಬ್ಬ ಹಾಡುವುದೆಲ್ಲ ಈ ಶ್ರಾದ್ಧ ಮುಗಿದ ಮೇಲೆ ಹಾಡಿದ್ದು.

ಹದಿನೈದನೆಯ ಶತಮಾನದ ಶ್ರೀಪಾದರಾಜರು ನ್ಯಾಯಸುಧೆಗೆ ‘ವಾಗ್ವಜ್ರ’ವೆಂಬ ಸಂಸ್ಕೃತ ವ್ಯಾಖ್ಯಾನ ಬರೆದ ಪಂಡಿತರು, ವ್ಯಾಸರಾಯರಿಗೆ ಪಾಠ ಹೇಳಿದ ಗುರುಗಳು, ‘ರಂಗವಿಠಲ’ ಅಂಕಿತದಲ್ಲಿ ಕನ್ನಡ ಪದಗಳನ್ನು ರಚಿಸಿದವರು. ಅವರಿಂದ ಮೈದುಂಬಿಕೊಂಡ ಹರಿದಾಸ ಪರಂಪರೆಯಲ್ಲಿ ವೈರಾಗ್ಯದ ಪದಗಳೆಂಬ ದೊಡ್ಡ ವರ್ಗವೇ ಬೆಳೆಯಿತು. ದೇಹ ನಿಲ್ಲುವುದಲ್ಲ, ಯಮದೂತರು ಹೇಳಿ ಬರುವವರಲ್ಲ, ನಂಟರು ಬಾಗಿಲವರೆಗಷ್ಟೇ, ಆದ್ದರಿಂದ ನಾಲಗೆ ಆಡುವಾಗಲೇ ಹರಿಯನ್ನು ನೆನೆಯಬೇಕು ಎಂಬುದು ಈ ಪದಗಳ ಒಟ್ಟು ನಿಲುವು. ಆಡುಮಾತಿನ ಚುರುಕಿನಿಂದ ಕೇಳುಗನನ್ನು ನೇರವಾಗಿ ತಟ್ಟುವ ಇವುಗಳ ಶಕ್ತಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇಲ್ಲಿ ಸಾಯುವವನು ಯಾವಾಗಲೂ ಕೇಳುಗನೇ; ಹಿಂದೆ ಉಳಿದ ಹೆಂಡತಿ ಮಕ್ಕಳ ಕಣ್ಣೀರು ಬಂದರೂ ಅದು ಸಂಸಾರದ ನಿಸ್ಸಾರತೆಗೆ ಸಾಕ್ಷಿಯಾಗಿ ಬರುತ್ತದೆಯೇ ಹೊರತು, ಅದಕ್ಕೇ ಒಂದು ಅರ್ಥವಿದೆಯೆಂಬ ಗೌರವದಿಂದಲ್ಲ. ತನ್ನ ಸಾವನ್ನು ಧೈರ್ಯವಾಗಿ ನೋಡಬಲ್ಲ ಪರಂಪರೆ ಇನ್ನೊಬ್ಬರ ಸಾವಿನ ಮುಂದೆ ಉಪದೇಶಕ್ಕೆ ಜಾರುತ್ತದೆ. ಇದು ಅದರ ನಿಜವಾದ ಕೊರತೆ.

ಈ ಕೊರತೆಯನ್ನು ಪರಂಪರೆಯ ಒಳಗೇ ತುಂಬಿಕೊಟ್ಟ ಕೃತಿ ಶ್ರೀಪಾದರಾಜರದೇ ‘ಭ್ರಮರಗೀತ’. ಭಾಗವತದ ಹತ್ತನೆಯ ಸ್ಕಂಧದಲ್ಲಿ, ಮಧುರೆಗೆ ಹೋದ ಕೃಷ್ಣನ ಸಂದೇಶ ಹೊತ್ತು ಉದ್ಧವ ಗೋಕುಲಕ್ಕೆ ಬಂದಾಗ, ಗೋಪಿಯೊಬ್ಬಳು ಎದುರಿಗೆ ಹಾರಿಬಂದ ದುಂಬಿಯನ್ನು ನೆಪಮಾಡಿಕೊಂಡು ತನ್ನ ಸಂಕಟವನ್ನೆಲ್ಲ ಆಡಿಬಿಡುತ್ತಾಳೆ. ಕೃಷ್ಣ ಸತ್ತಿಲ್ಲ, ನಿಜ; ಆದರೆ ಗೋಕುಲದ ಪಾಲಿಗೆ ಮರಳಿ ಬಾರದವನಾಗಿದ್ದಾನೆ. ಉದ್ಧವ ತಂದ ಸಂದೇಶವು ಕೃಷ್ಣ ಎಲ್ಲೆಲ್ಲೂ ಇದ್ದಾನೆಂಬ ತತ್ತ್ವ, ಎಂದರೆ ಸಾವಿನ ಮನೆಗೆ ಬಂದವರು ಸಾಮಾನ್ಯವಾಗಿ ಹೇಳುವ ಮಾತಿನ ಜಾತಿಯದೇ. ಆ ತತ್ತ್ವವನ್ನು ಗೋಪಿಯರು ತಪ್ಪೆನ್ನುವುದಿಲ್ಲ; ಆದರೂ ಕೊನೆಗೆ ತಲೆಬಾಗುವವನು ಉದ್ಧವ. ಆತ್ಮಶ್ರಾದ್ಧ ಮಾಡಿಕೊಂಡ ಯತಿಗೆ ಅಗಲಿಕೆಯ ದುಃಖವನ್ನು ಸ್ವಂತ ದನಿಯಲ್ಲಿ ಹಾಡುವ ದಾರಿ ಮುಚ್ಚಿತ್ತು, ಹೆಣ್ಣಿನ ದನಿಯಲ್ಲಿ ಅದು ತೆರೆದುಕೊಂಡಿತು. ವಿರಹಭಕ್ತಿಯೆಂದು ಶಾಸ್ತ್ರ ಹೆಸರಿಟ್ಟದ್ದರ ಒಳಗೆ ಮನುಷ್ಯರ ಶೋಕಕ್ಕೂ ಜಾಗ ಸಿಕ್ಕಿತೆಂದು ಓದುವುದು ಅತಿಯಾಗಲಾರದು.

ಮಠದ ಹೊರಗೆ ಇದೇ ಸೀಮೆಯಲ್ಲಿ ಹರಡಿದ ತತ್ವಪದಗಳ ಬಗೆ ಬೇರೆ. ಕೈವಾರದ ನಾರಾಯಣಪ್ಪನವರಂಥವರು ತೆಲುಗು ಕನ್ನಡ ಎರಡರಲ್ಲೂ ಹಾಡಿದ ಪದಗಳ ಹುರುಳು ವೈರಾಗ್ಯವೇ ಆದರೂ, ಹೆಣದ ಮುಂದೆ ರಾತ್ರಿಯಿಡೀ ಭಜನೆ ನಡೆಯುವ ಮನೆಯಲ್ಲಿ ಅಂಥ ಪದಗಳು ಉಪದೇಶವಾಗಿ ಉಳಿಯುವುದಿಲ್ಲ. ತಾಳ, ತಂಬೂರಿಗಳ ಜೊತೆಗೆ ಅವು ನಿದ್ದೆಯಿಲ್ಲದೆ ಕುಳಿತವರಿಗೆ ಬೆಳಗಿನವರೆಗೆ ಜೊತೆಯಾಗುತ್ತವೆ. ಪಠ್ಯವನ್ನಷ್ಟೇ ಓದುವ ವಿಮರ್ಶೆಗೆ ಈ ಬದಲಾವಣೆ ಕಾಣುವುದೇ ಇಲ್ಲ.

ಆಧುನಿಕ ಕಾಲದಲ್ಲಿ ಇದೇ ಪ್ರಶ್ನೆ ಡಿ. ವಿ. ಗುಂಡಪ್ಪನವರಲ್ಲಿ ಮರಳುತ್ತದೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಹೊರಬಂದಿತು. ಅದರ 945 ಪದ್ಯಗಳಲ್ಲಿ ಸಾವು ಮತ್ತೆ ಮತ್ತೆ ಬಂದರೂ, ಹರಿದಾಸರಲ್ಲಿದ್ದ ಯಮದೂತರ ಹೆದರಿಕೆ ಇಲ್ಲಿ ಬಹುಮಟ್ಟಿಗೆ ಕರಗಿ, ವಿಶ್ವದ ಅಗಾಧ ವ್ಯಾಪಾರದಲ್ಲಿ ಒಂದು ಜೀವದ ಅಳತೆಯೆಷ್ಟು ಎಂಬ ವಿನಯ ಆ ಜಾಗಕ್ಕೆ ಬರುತ್ತದೆ. ಕಗ್ಗದ ಘನತೆ ಇರುವುದು ಈ ಪಲ್ಲಟದಲ್ಲಿ. ಆದರೆ ಅದರ ಕಟ್ಟನ್ನೂ ನೋಡಬೇಕು. ನಾಲ್ಕು ಸಾಲು, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ, ಕೊನೆಗೆ ಮಂಕುತಿಮ್ಮನ ಹೆಸರು: ಇಷ್ಟು ಬಿಗಿಯಾದ ಚೌಕಟ್ಟಿನಲ್ಲಿ ಮೊದಲ ಸಾಲಿನಲ್ಲಿ ಎದ್ದ ಸಂಶಯವು ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಹೇಗಾದರೂ ಒಂದು ನಿಲುಗಡೆ ಕಾಣಲೇಬೇಕಾಗುತ್ತದೆ. ಶೋಕಕ್ಕೆ ಅಷ್ಟು ಬೇಗ ನಿಲುಗಡೆ ಸಿಗುವುದಿಲ್ಲ. ಮಗುವಿನ ಸಾವಿನೆದುರು ಹೆಂಡತಿಯ ನೋಟವನ್ನು ತಾಳಲಾರದ ಗಂಡನ ದನಿಯಲ್ಲಿ ಬೇಂದ್ರೆಯವರು ಬರೆದ ಪದ್ಯ ಯಾವ ಸಮಾಧಾನವನ್ನೂ ಮುಟ್ಟದೆ ನಿಲ್ಲುವುದನ್ನು ನೆನೆದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಡಿವಿಜಿಯವರಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ ಎನ್ನುವುದಕ್ಕೆ ‘ಶ್ರೀರಾಮ ಪರೀಕ್ಷಣಂ’ ಸಾಕ್ಷಿ. ಅಲ್ಲಿ ರಾಮನನ್ನು ಪ್ರಶ್ನಿಸುವವರಲ್ಲಿ ವಾಲಿಯ ಹೆಂಡತಿ ತಾರೆ, ರಾವಣನ ಹೆಂಡತಿ ಮಂಡೋದರಿ ಇದ್ದಾರೆ. ಧರ್ಮದ ಹೆಸರಿನಲ್ಲಿ ನಡೆದ ಕೊಲೆಗಳ ಲೆಕ್ಕವನ್ನು ಗಂಡಂದಿರನ್ನು ಕಳೆದುಕೊಂಡವರು ಕೇಳುತ್ತಾರೆ. ಕಗ್ಗದಲ್ಲಿ ಸೂತ್ರವಾಗಿ ಇಳಿದ ತತ್ತ್ವ ಇಲ್ಲಿ ಉತ್ತರ ಹೇಳಬೇಕಾದ ಜಾಗದಲ್ಲಿ ನಿಂತಿದೆ. ಗದ್ಯದಲ್ಲಿ, ಎಂಟು ಸಂಪುಟಗಳ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ, ಡಿವಿಜಿ ಇನ್ನೂ ಮುಂದೆ ಹೋಗುತ್ತಾರೆ. ತೀರಿಹೋದ ವೈದಿಕರು, ಸಂಗೀತಗಾರರು, ಹೆಸರಿಲ್ಲದ ಸಜ್ಜನರು ಅಲ್ಲಿ ತಮ್ಮ ಊಟದ ರುಚಿ, ಮುಂಗೋಪ, ಮಾತಿನ ವರಸೆಗಳೊಂದಿಗೆ ಬರುತ್ತಾರೆ. ಅವರ ಬದುಕಿನಿಂದ ನೀತಿ ತೆಗೆಯುವ ಆತುರ ಕಗ್ಗದಲ್ಲಿದ್ದಷ್ಟು ಇಲ್ಲಿಲ್ಲ. ಹೋದವರನ್ನು ಹೋದ ಹಾಗೆಯೇ ಉಳಿಸಿಕೊಳ್ಳುವ ಆಸೆಯಿದೆ. ಸಾವನ್ನು ಕುರಿತ ಬರಹವಾಗಿ ಕಗ್ಗಕ್ಕಿಂತ ಚಿತ್ರಶಾಲೆ ದೊಡ್ಡದು. ಈ ಮಾತಿಗೆ ಕಗ್ಗದ ಅಭಿಮಾನಿಗಳು ಒಪ್ಪದಿರಬಹುದು.

ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು ‘ಯಶೋಧರಾ’ ನಾಟಕಕ್ಕೆ ಆರಿಸಿಕೊಂಡ ವಸ್ತು ಈ ದೃಷ್ಟಿಯಿಂದ ಬಹಳ ಅರ್ಥವತ್ತಾದದ್ದು. ಮುಪ್ಪು, ರೋಗ, ಸಾವುಗಳನ್ನು ಕಂಡು ಸಿದ್ಧಾರ್ಥ ಅರಮನೆ ಬಿಟ್ಟ ಕಥೆ ಜಗತ್ತಿಗೆಲ್ಲ ಗೊತ್ತು. ಅರಮನೆಯಲ್ಲಿ ಉಳಿದವಳ ಕಾಲ ಹೇಗೆ ಕಳೆಯಿತೆಂಬುದು ಮಾಸ್ತಿಯವರ ಪ್ರಶ್ನೆ. ಬುದ್ಧನ ಜ್ಞಾನವನ್ನು ಅವರು ಕಿರಿದುಮಾಡುವುದಿಲ್ಲ. ಆ ಜ್ಞಾನಕ್ಕೆ ಮನೆಯೊಂದು ತೆತ್ತ ಬೆಲೆಯನ್ನು ಅದರ ಪಕ್ಕದಲ್ಲೇ ಇಡುತ್ತಾರೆ, ಅದೂ ದನಿಯೆತ್ತರಿಸದೆ. ಗೋಪಿ, ತಾರೆ, ಮಂಡೋದರಿಯರ ಸಾಲಿಗೆ ಯಶೋಧರೆಯೂ ಸೇರುತ್ತಾಳೆ. ಐನೂರು ವರ್ಷಗಳ ಅಂತರದಲ್ಲಿ ಒಂದೇ ಜಿಲ್ಲೆಯ ನೆಲಕ್ಕೆ ಸೇರಿದ ಮೂವರು, ಒಬ್ಬರನ್ನೊಬ್ಬರು ಅನುಕರಿಸದೆಯೇ, ಇನ್ನೊಬ್ಬರನ್ನು ಕಳೆದುಕೊಂಡ ದುಃಖವನ್ನು ಹೆಣ್ಣಿನ ಬಾಯಲ್ಲಿ ನುಡಿಸಿದರೆಂಬುದು ಆಕಸ್ಮಿಕವೆನಿಸುವುದಿಲ್ಲ. ಗಂಡಸಿಗೆ ವೈರಾಗ್ಯವನ್ನೇ ಘನತೆಯೆಂದು ಕಲಿಸಿದ ಸಂಸ್ಕೃತಿಯಲ್ಲಿ ಈ ಮೂವರು ಕಂಡುಕೊಂಡ ದಾರಿ ಅದು.

ಆ ದಾರಿಗೆ ಎಲ್ಲೆಯೂ ಇತ್ತು. ದನಿ ಪಡೆದವರೆಲ್ಲ ಪುರಾಣ, ಚರಿತ್ರೆಗಳ ಹೆಣ್ಣುಗಳು, ಬರೆದವರು ಗಂಡಸರು. ಇದೇ ತಾಲ್ಲೂಕುಗಳ ಹಳ್ಳಿಗಳಲ್ಲಿ ಸತ್ತವರ ಗುಣವನ್ನೂ ಮನೆಯ ಕಷ್ಟವನ್ನೂ, ಮುಂದಿನ ಸಾಲದ ಚಿಂತೆಯನ್ನೂ ಕನ್ನಡ ತೆಲುಗು ಬೆರೆಸಿ ಹಾಡಿಕೊಂಡು ಅಳುವ ಹೆಂಗಸರಿದ್ದಾರೆ; ಅವರ ಮಾತು ಯಾವ ದುಂಬಿಯ ನೆಪವನ್ನೂ ಬೇಡುವುದಿಲ್ಲ, ಯಾರ ಸಮಾಧಾನಕ್ಕೂ ಕಾಯುವುದಿಲ್ಲ. ಮುಳಬಾಗಿಲಿನ ಸಾಹಿತ್ಯವೆಂದರೆ ವೃಂದಾವನದಿಂದ ಕಗ್ಗದವರೆಗೆ ಎಂದು ಎಣಿಸುವ ವಿದ್ವತ್ತು ಆ ಅಳುವನ್ನು ಪಠ್ಯವೆಂದು ಕೇಳಿಸಿಕೊಳ್ಳುವ ಕೆಲಸ ಇನ್ನೂ ಬಾಕಿಯಿದೆ.