ಸಾಕುವುದು ಮತ್ತು ಸಾಕೆನ್ನುವುದು: ಫೋನಿನೊಳಗಿನ ಮರಿ, ಗಡಿನಾಡಿನ ಹಟ್ಟಿ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಳ್ತೇನೆ. ಮೊಬೈಲ್ ಆಟಗಳ ಬಗ್ಗೆ ಮಾತು ಬಂದಾಗಲೆಲ್ಲ ನಾವು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳ್ತೇವೆ: ಮಕ್ಕಳು ಹಾಳಾಗ್ತಾರಾ, ಇಲ್ವಾ? ಈ ಪ್ರಬಂಧದಲ್ಲಿ ನಾನು ಆ ದಾರಿ ಹಿಡಿಯುವುದಿಲ್ಲ. ವರ್ಧಿತ ವಾಸ್ತವ, ಅಂದರೆ ‘ಆಗ್ಮೆಂಟೆಡ್ ರಿಯಾಲಿಟಿ’ ಆಟಗಳಲ್ಲಿ ಕಾಲ್ಪನಿಕ ಪ್ರಾಣಿಗಳನ್ನು ಸಾಕುವ ಕ್ರಮವನ್ನು ಒಂದು ಪಠ್ಯದ ಹಾಗೆ ಓದಲು ಪ್ರಯತ್ನಿಸುತ್ತೇನೆ. ಓದುವ ಜಾಗ ಆಂಧ್ರದ ಹಿಂದೂಪುರ ಮತ್ತು ಕಲ್ಯಾಣದುರ್ಗ. ಇವೆರಡೂ ಮೊದಲು ಅನಂತಪುರ ಜಿಲ್ಲೆಯಲ್ಲೇ ಇದ್ದವು. 2022ರ ಏಪ್ರಿಲ್‌ನಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಒಂದರ ಪಕ್ಕ ಗೌರಿಬಿದನೂರು, ಇನ್ನೊಂದರ ಪಕ್ಕ ಪಾವಗಡ, ಚಳ್ಳಕೆರೆ ಸೀಮೆ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು, ಎಷ್ಟೋ ಸಲ ಒಂದೇ ವಾಕ್ಯದಲ್ಲಿ ಎರಡೂ.

1. ಒಂದು ಪದ, ಮೂರು ಅರ್ಥ

‘ಸಾಕು’ ಅನ್ನುವ ಪದದಿಂದ ಶುರು ಮಾಡೋಣ. ಕನ್ನಡದಲ್ಲಿ ಇದಕ್ಕೆ ಎರಡು ಅರ್ಥ ಇದೆ. ಒಂದು ಪೋಷಿಸು, ಇನ್ನೊಂದು ಇಷ್ಟು ಆಯ್ತು, ನಿಲ್ಲಿಸು. ತೆಲುಗಿನಲ್ಲೂ ‘ಸಾಕು’ ಅಂದರೆ ಪೋಷಿಸುವುದೇ, ಆದರೆ ಅಲ್ಲಿ ‘ಸಾಕು’ ಅಂದರೆ ನೆಪ ಅಂತಲೂ ಆಗುತ್ತೆ. ಗಡಿಯ ಮಕ್ಕಳ ಕಿವಿಗೆ ಈ ಮೂರೂ ಅರ್ಥ ಒಟ್ಟಿಗೆ ಬೀಳ್ತವೆ. ಇದನ್ನು ನಾನು ವ್ಯುತ್ಪತ್ತಿಯ ವಾದವಾಗಿ ಹೇಳುತ್ತಿಲ್ಲ, ಓದಲು ಒಂದು ಅಳತೆಗೋಲಾಗಿ ಬಳಸುತ್ತಿದ್ದೇನೆ. ಆಟ ಪೋಷಣೆಯನ್ನು ಕಲಿಸುತ್ತಾ? ‘ಸಾಕು’ ಅನ್ನುವುದನ್ನು ಕಲಿಸುತ್ತಾ? ಅಥವಾ ಪೋಷಣೆ ಬೇರೆ ಯಾವುದಕ್ಕೋ ನೆಪವಾ?

2. ಸಾವಿಲ್ಲದ ಮರಿ

ಈ ಪ್ರಕಾರದ ಹಿರಿಯಜ್ಜಿ ಜಪಾನಿನ ‘ತಮಾಗೋಚಿ’. ಬಂಡಾಯ್ ಕಂಪನಿ ಅದನ್ನು 1996ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಮೊಟ್ಟೆ ಗಾತ್ರದ ಆಟಿಕೆ, ಮೂರು ಗುಂಡಿ. ಹೊತ್ತಿಗೆ ಸರಿಯಾಗಿ ಉಣಿಸದಿದ್ದರೆ, ಗಲೀಜು ಬಳಿಯದಿದ್ದರೆ ಒಳಗಿನ ಮರಿ ಸಾಯುತ್ತಿತ್ತು. ಜಪಾನಿನ ಮಾದರಿಯಲ್ಲಿ ಗೋರಿ ಕಾಣಿಸುತ್ತಿತ್ತು, ಇಂಗ್ಲಿಷ್ ಮಾದರಿಯಲ್ಲಿ ಅದನ್ನು ದೇವದೂತನಾಗಿ ಮಾಡಿದರು. ಸಾವನ್ನು ಮೆತ್ತಗೆ ಮಾಡುವ ಕೆಲಸ ಅಲ್ಲೇ ಶುರುವಾಯ್ತು ಅನ್ನಬಹುದು.

‘ಪೋಕೆಮಾನ್ ಗೋ’ 2016ರ ಜುಲೈನಲ್ಲಿ ಬಂತು. ಭಾರತಕ್ಕೆ ಅಧಿಕೃತವಾಗಿ ಬಂದಿದ್ದು ಅದೇ ಡಿಸೆಂಬರ್‌ನಲ್ಲಿ, ಜಿಯೋ ಜೊತೆಗಿನ ಒಪ್ಪಂದದ ಮೂಲಕ. 2019ರ ಕೊನೆಗೆ ಅದರಲ್ಲಿ ‘ಬಡ್ಡಿ’ ವ್ಯವಸ್ಥೆ ಹೊಸದಾಯ್ತು. ಕ್ಯಾಮೆರಾ ಎದುರು ಪ್ರಾಣಿಯನ್ನು ನಿಲ್ಲಿಸಿ ಹಣ್ಣು ತಿನ್ನಿಸಬಹುದು, ಮೈ ಸವರಬಹುದು. ಉಣಿಸದಿದ್ದರೆ ಏನಾಗುತ್ತೆ? ಸಾಯಲ್ಲ, ಸೊರಗಲ್ಲ. ನಕ್ಷೆಯ ಮೇಲೆ ನಮ್ಮ ಜೊತೆ ನಡೆಯೋದನ್ನು ನಿಲ್ಲಿಸುತ್ತೆ, ಅಷ್ಟೇ. ಅದೇ ಕಂಪನಿ ನಯಾಂಟಿಕ್ 2023ರ ಮೇ ತಿಂಗಳಲ್ಲಿ ‘ಪೆರಿಡಾಟ್’ ಬಿಡುಗಡೆ ಮಾಡಿತು. ಇದಂತೂ ಪೂರ್ತಿ ಸಾಕಣೆಯದೇ ಆಟ. ಕ್ಯಾಮೆರಾ ನೆಲವನ್ನು ಗುರುತಿಸುತ್ತೆ: ಹುಲ್ಲಾ, ಮರಳಾ, ನೀರಾ? ಅದಕ್ಕೆ ತಕ್ಕಂತೆ ಮರಿ ಕೆದಕಿ ಆಹಾರ ಹುಡುಕುತ್ತೆ.

ಈ ಜಾಣತನವನ್ನು ಮೆಚ್ಚಲೇಬೇಕು. ನೆಲ ನೋಡಿ ಮೇವು ಊಹಿಸುವುದು ಕುರಿಗಾಹಿಯ ವಿದ್ಯೆ. ಆದರೆ ಆಟದಲ್ಲಿ ನೆಲ ಯಾವುದಾದರೂ ಮೇವು ಸಿಕ್ಕೇ ಸಿಗುತ್ತೆ. ದೇಶದಲ್ಲೇ ಅತಿ ಕಡಿಮೆ ಮಳೆಯ ಜಿಲ್ಲೆಗಳ ಸಾಲಿನಲ್ಲಿ ಬರುವ ಅನಂತಪುರದ ಸೀಮೆಯಲ್ಲಿ ನಿಂತು ಇದನ್ನು ಆಡಿದಾಗ ನನಗೆ ಕಂಡ ದೊಡ್ಡ ಕೊರತೆ ಅದು. ಆ ಲೋಕದಲ್ಲಿ ಬರಗಾಲ ಇಲ್ಲ.

3. ದೇವರ ಎತ್ತು

ಕಲ್ಯಾಣದುರ್ಗದಿಂದ ಪಶ್ಚಿಮಕ್ಕೆ ಹೋದರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆ. ಅಲ್ಲಿನ ಮ್ಯಾಸಬೇಡರು ‘ದೇವರ ಎತ್ತು’ಗಳ ಹಿಂಡನ್ನು ಸಾಕುತ್ತಾರೆ. ಅವನ್ನು ನೋಡಿಕೊಳ್ಳುವವರು ಕಿಲಾರಿಗಳು. ಆ ಎತ್ತುಗಳನ್ನು ನೇಗಿಲಿಗೆ ಹೂಡುವುದಿಲ್ಲ, ಸತ್ತರೆ ಶಾಸ್ತ್ರೋಕ್ತವಾಗಿ ಮಣ್ಣು ಮಾಡುತ್ತಾರೆ. ಲಾಭದ ಲೆಕ್ಕದಲ್ಲಿ ನೋಡಿದರೆ ಇದೂ ಒಂದು ಬಗೆಯಲ್ಲಿ ‘ಉಪಯೋಗವಿಲ್ಲದ’ ಸಾಕಣೆಯೇ. ಹಾಗಾಗಿ ಫೋನಿನ ಮರಿಗೆ ಹಾಲು ಇಲ್ಲ, ಗೊಬ್ಬರ ಇಲ್ಲ ಅಂತ ಮೂದಲಿಸುವ ಟೀಕೆ ನನಗೆ ಒಪ್ಪಿಗೆ ಇಲ್ಲ. ಪ್ರಯೋಜನ ಇಲ್ಲದೆಯೂ ಸಾಕಬಹುದು ಅನ್ನೋದು ನಮ್ಮ ಕಡೆಗೆ ಹೊಸದಲ್ಲ.

ವ್ಯತ್ಯಾಸ ಇರೋದು ಹೊಣೆಯಲ್ಲಿ. ಬರ ಬಿದ್ದ ವರ್ಷ ದೇವರ ಎತ್ತಿಗೆ ಮೇವು ಹೊಂದಿಸುವುದು ಇಡೀ ಹಟ್ಟಿಯ ಸಂಕಟ. ಮೇವಿಗಾಗಿ ಸರ್ಕಾರದ ಬಾಗಿಲು ತಟ್ಟಬೇಕು, ಊರೂರು ತಿರುಗಬೇಕು. ಫೋನಿನ ಮರಿ ಒಬ್ಬರ ಖಾತೆಯ ಸೊತ್ತು. ಅದು ಹಸಿದರೆ ಪಕ್ಕದ ಮನೆಯವರು ಬಂದು ಹುಲ್ಲು ಹಾಕಲಾಗದು.

ಇನ್ನೊಂದು ಮಾತು. ನಮ್ಮ ಶಾಲೆಗಳಲ್ಲಿ ಓದದ ಹುಡುಗನಿಗೆ ಬೀಳೋ ಬೈಗುಳ ಯಾವುದು? ‘ಹೋಗು, ದನ ಕಾಯಿ.’ ಆ ಬೈಗುಳ ತಿಂದೇ ಬೆಳೆದ ತಲೆಮಾರು ನಮ್ಮದು. ಅದೇ ಕೆಲಸ ಇವತ್ತು ಪರದೆಯ ಮೇಲೆ ಬಂದಾಗ ಅದಕ್ಕೆ ‘ಪೋಷಣೆಯ ಕೌಶಲ’ ಅಂತ ಗೌರವದ ಹೆಸರು ಸಿಗುತ್ತೆ. ಹಟ್ಟಿಯ ಹುಡುಗನ ಬೆವರಿಗೆ ಸಿಗದ ಮರ್ಯಾದೆ ಇದು. ಈ ಆಟಗಳ ಬಗ್ಗೆ ಬರೆಯುವವರು ಇದನ್ನು ಗಮನಿಸಬೇಕು.

4. ನಕ್ಷೆಯಲ್ಲಿ ಯಾರಿದ್ದಾರೆ?

ಈಗ ‘ನೆಪ’ಕ್ಕೆ ಬರೋಣ. ಇಂಥ ಆಟಗಳು ನಿಜವಾದ ಜಾಗಗಳ ಮೇಲೆ ನಿಂತಿವೆ. ಗುಡಿ, ಶಿಲ್ಪ, ಉದ್ಯಾನ ಇಂಥವನ್ನು ಆಟಗಾರರೇ ಸೂಚಿಸಿ, ಅವರೇ ಪರಿಶೀಲಿಸಿ ನಕ್ಷೆಗೆ ಸೇರಿಸುವ ಪದ್ಧತಿ ಇದೆ. ಹಾಗಾಗಿ ಹೆಚ್ಚು ಆಟಗಾರರಿರುವ ನಗರದಲ್ಲಿ ತಾಣಗಳು ಕಿಕ್ಕಿರಿದಿರುತ್ತವೆ, ಹಳ್ಳಿಯಲ್ಲಿ ಮೈಲುಗಟ್ಟಲೆ ಖಾಲಿ. ಹಿಂದೂಪುರದ ಪಕ್ಕದ ಲೇಪಾಕ್ಷಿಯ ಏಕಶಿಲಾ ಬಸವಣ್ಣ ಇಂಥ ನಿಯಮಕ್ಕೆ ಸುಲಭವಾಗಿ ಒಗ್ಗುತ್ತಾನೆ. ಜೀವಂತ ಬಸವ ಮಲಗೋ ಹಟ್ಟಿ ಒಗ್ಗುವುದಿಲ್ಲ. ಇವತ್ತು ಈ ಹೊಲದಲ್ಲಿ, ನಾಳೆ ಆ ಹೊಲದಲ್ಲಿ ಬೀಡುಬಿಡುವ ಕುರಿಮಂದೆಯಂತೂ ದೂರದ ಮಾತು. ಸ್ಥಿರವಾಗಿರೋದಕ್ಕಷ್ಟೇ ಆ ನಕ್ಷೆಯಲ್ಲಿ ಜಾಗ.

ಫೋನಿನದೂ ಒಂದು ಜಾತಿ ಇದೆ. ಗೈರೋಸ್ಕೋಪ್ ಇಲ್ಲದ ಅಗ್ಗದ ಫೋನಿನಲ್ಲಿ ಮರಿ ನೆಲದ ಮೇಲೆ ನಿಲ್ಲುವುದೇ ಇಲ್ಲ. ಆಟಗಾರರು ಮಾಡಿಕೊಟ್ಟ ಸ್ಕ್ಯಾನ್‌ಗಳೂ ಸೇರಿದ ಮಾಹಿತಿಯಿಂದ ಜಗತ್ತಿನ ಮೂರು ಆಯಾಮದ ಮಾದರಿ ಕಟ್ಟುತ್ತಿರುವುದಾಗಿ ನಯಾಂಟಿಕ್ 2024ರಲ್ಲಿ ತಾನೇ ಹೇಳಿತು. 2025ರ ಮಾರ್ಚ್‌ನಲ್ಲಿ ‘ಪೋಕೆಮಾನ್ ಗೋ’ ಸೇರಿದ ತನ್ನ ಆಟಗಳ ವಿಭಾಗವನ್ನು ಸ್ಕೋಪ್ಲಿ ಕಂಪನಿಗೆ ಮಾರುವುದಾಗಿ ಘೋಷಿಸಿತು. ನಕ್ಷೆಯ ತಂತ್ರಜ್ಞಾನವನ್ನು ಬೇರೆ ಕಂಪನಿಯಾಗಿ ಉಳಿಸಿಕೊಂಡಿತು, ‘ಪೆರಿಡಾಟ್’ ಅದರ ಜೊತೆಗೇ ಹೋಯಿತು. ಮರಿ ಯಾವುದರ ನೆಪ ಅನ್ನೋದು ಈ ಪಾಲುಪಟ್ಟಿಯಲ್ಲೇ ಕಾಣುತ್ತೆ.

5. ಮರಿಯನ್ನು ಏನಂತ ಕರೆಯೋದು?

2023ರಲ್ಲಿ ‘ಪೋಕೆಮಾನ್ ಗೋ’ ಹಿಂದಿಗೆ ಬಂತು, 800ಕ್ಕೂ ಹೆಚ್ಚು ಪ್ರಾಣಿಗಳಿಗೆ ಹಿಂದಿ ಹೆಸರು ಕೊಟ್ಟರು. ಒಳ್ಳೆಯ ಕೆಲಸ. ಆದರೆ ಗಡಿಯ ಮಗುವಿಗೆ ಅದು ಮೂರನೆಯದೋ ನಾಲ್ಕನೆಯದೋ ಭಾಷೆ. ಕರು, ಕಡಸು, ಹೋರಿ, ಗೊಡ್ಡು, ಗಬ್ಬ, ಗೋದಲಿ, ಕಣ್ಣಿ, ಮೂಗುದಾರ: ಸಾಕಣೆಯ ಈ ಪದಗಳು ಕೆಲಸದ ಜೊತೆಗೇ ಬಾಯಿಗೆ ಬರುವಂಥವು. ಕೆಲಸ ಹೋದರೆ ಪದವೂ ಹೋಗುತ್ತೆ. ಕನ್ನಡ ಮಾಧ್ಯಮದ ಮಕ್ಕಳ ಸಂಖ್ಯೆಯ ಬಗ್ಗೆ ಚಿಂತಿಸುವ ನಾವು ಈ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಚರ್ಚೆಯಿಂದ

*ಪ್ರಶ್ನೆ:* ಸರ್, ಬಾಡಿಗೆ ಮನೆಯಲ್ಲಿ ಬೆಕ್ಕು ಸಾಕೋಕೂ ಬಿಡಲ್ಲ. ಅಂಥ ಮಗುವಿಗೆ ಈ ಮರಿಯಾದರೂ ಇರಲಿ ಬಿಡಿ ಅನ್ಸಲ್ವಾ?

*ಉತ್ತರ:* ಖಂಡಿತ ಅನ್ಸುತ್ತೆ ಮೇಡಂ. ಮೊಟ್ಟೆ ಒಡೆಯೋಕೆ ಎರಡೋ ಐದೋ ಕಿಲೋಮೀಟರ್ ನಡೆಯಬೇಕು ಅನ್ನೋ ಆಟದ ನಿಯಮ ಎಷ್ಟೋ ಮಕ್ಕಳನ್ನು ಮನೆಯಿಂದ ಹೊರಗೆ ತಂದಿದೆ. ಆಟ ಬೇಡ ಅಂತ ನಾನು ಹೇಳ್ತಿಲ್ಲ. ಸಾಕೋದರಲ್ಲಿ ಎರಡು ಪಾಠ ಇದೆ. ಉಣಿಸೋದು ಒಂದು. ಇನ್ನೊಂದು, ಇದು ನಮ್ಮ ಕೈ ಮೀರಿದ ಜೀವ, ಇದಕ್ಕೂ ಹಸಿವು, ಕಾಯಿಲೆ, ಮುಪ್ಪು ಇದೆ ಅನ್ನೋದು. ಮೊದಲನೆಯದನ್ನು ಆಟ ಚೆನ್ನಾಗಿ ಕಲಿಸುತ್ತೆ. ಎರಡನೆಯದನ್ನು ಕಲಿಸಿದರೆ ಅದಕ್ಕೆ ವ್ಯಾಪಾರ ನಡೆಯಲ್ಲ, ಯಾಕಂದ್ರೆ ‘ಸಾಕು’ ಅಂತ ಆಟಗಾರ ಫೋನ್ ಕೆಳಗಿಡುತ್ತಾನೆ. ಆ ಪಾಠ ಹೇಳೋಕೆ ಮನೆಯಲ್ಲಿ ಒಬ್ಬ ಅಜ್ಜಿ ಬೇಕು, ಇಲ್ಲಾ ಹಟ್ಟಿಗೆ ಕರಕೊಂಡು ಹೋಗೋ ಒಬ್ಬ ಮೇಷ್ಟ್ರು ಬೇಕು. ಹಿಂದೂಪುರ, ಕಲ್ಯಾಣದುರ್ಗದಲ್ಲಿ ಹಟ್ಟಿ ಇನ್ನೂ ನಡೆದುಹೋಗುವಷ್ಟು ಹತ್ತಿರದಲ್ಲೇ ಇದೆ. ಮಕ್ಕಳು ಫೋನ್ ಹಿಡಿದುಕೊಂಡೇ ಬರಲಿ, ಅಭ್ಯಂತರವಿಲ್ಲ.

ಸಮಯ ಮೀರಿದೆ ಅಂತ ಅಧ್ಯಕ್ಷರು ಸೂಚಿಸ್ತಿದ್ದಾರೆ.